ನಿಮ್ಮ ಪಾರ್ಕಿನ ಎಸ್ಟಿಮೇಟ್ ನೋಡಿದ್ದೀರಾ?

ಬೆಂಗಳೂರಿನ ನಮ್ಮ ಬಡಾವಣೆಯ ಪಾರ್ಕಿಗೆ ಒಂದು ಬೆಳಿಗ್ಗೆ ಎರಡು ಲೋಡ್ ಪೇವರ್ ಬ್ಲಾಕ್ ಬಂದು ಬಿತ್ತು. ವಾಕಿಂಗ್‌ಗೆ ಬಂದವರೆಲ್ಲ ಸುತ್ತ ನಿಂತು ಇದೇನಿದು ಅಂತ ಒಬ್ಬರನ್ನೊಬ್ಬರು ಕೇಳ್ತಿದ್ರು. ಮಾಲಿಗೂ ಗೊತ್ತಿರಲಿಲ್ಲ. ಬ್ಲಾಕ್ ಇಳಿಸುತ್ತಿದ್ದ ಹುಡುಗ ಮಾತ್ರ ಹೇಳಿದ: ‘ಪಾರ್ಕ್ ಡೆವಲಪ್‌ಮೆಂಟ್ ಅಂತೆ ಸಾರ್.’

ಸಂಜೆ ಹೊತ್ತಿಗೆ ಜಗಳ ಶುರುವಾಯ್ತು. ಹಿರಿಯರಿಗೆ ಕಾಲು ಎಡವದ ಟ್ರ್ಯಾಕ್ ಬೇಕು. ಆಫೀಸಿನಿಂದ ತಡವಾಗಿ ಬರುವ ಹೆಣ್ಣುಮಕ್ಕಳಿಗೆ ಹಿಂಭಾಗದ ಕತ್ತಲೆ ಮೂಲೆಯಲ್ಲಿ ದೀಪ ಬೇಕು. ಹಿಂದಿನ ರಸ್ತೆಯ ವಠಾರದ ಹುಡುಗರಿಗೆ ಕ್ರಿಕೆಟ್ ಆಡುವ ಮಣ್ಣಿನ ಜಾಗ ಉಳಿದರೆ ಸಾಕು. ಬ್ಲಾಕ್ ಹಾಸಬೇಕಿದ್ದದ್ದು ಸರಿಯಾಗಿ ಆ ಮಣ್ಣಿನ ಮೇಲೇ. ಮೂರೂ ಗುಂಪು ತಮ್ಮತಮ್ಮಲ್ಲೇ ಕಿತ್ತಾಡಿದವು. ಇದನ್ನ ಯಾರು, ಯಾವಾಗ ತೀರ್ಮಾನ ಮಾಡಿದ್ರು ಅಂತ ಮಾತ್ರ ಯಾರೂ ಕೇಳಲಿಲ್ಲ. ಆ ಹೊತ್ತಿಗೆ ಕೇಳೋದೂ ತಡವಾಗಿತ್ತು ಅನ್ನಿ.

ಯಾಕೆ ತಡ ಅಂತ ತಿಳಿಯೋಕೆ ಒಂದು ಕಾಮಗಾರಿಯ ಜಾತಕ ನೋಡಬೇಕು. ಮೊದಲು ಅನುದಾನ ಬರುತ್ತೆ. ಎಂಜಿನಿಯರ್ ಎಸ್ಟಿಮೇಟ್, ಅಂದರೆ ಅಂದಾಜು ಪಟ್ಟಿ ಮಾಡ್ತಾರೆ. ಅದಕ್ಕೆ ಮಂಜೂರಾತಿ, ಆಮೇಲೆ ಟೆಂಡರ್, ಆಮೇಲೆ ಕಾರ್ಯಾದೇಶ. ಕೆಲಸ ಆದಷ್ಟೂ ಅಳತೆ ಪುಸ್ತಕದಲ್ಲಿ ಬರೆದು ಬಿಲ್. ನಮ್ಮ ಕಣ್ಣಿಗೆ ಬೀಳೋದು ಕಾರ್ಯಾದೇಶದ ನಂತರದ ಲಾರಿ. ಪಾರ್ಕು ಹೇಗಿರಬೇಕು ಅನ್ನೋದು ಎರಡನೇ ಹಂತದಲ್ಲೇ ಮುಗಿದುಹೋಗಿರುತ್ತೆ.

ಪರಿಚಯದ ಗುತ್ತಿಗೆದಾರರೊಬ್ಬರಿಂದ ಆ ಪಟ್ಟಿ ತರಿಸಿಕೊಂಡು ಓದಿದೆ. ನಾಲ್ಕು ವರ್ಷ ಸಿವಿಲ್ ಓದಿದ್ದು ಬದುಕಿನಲ್ಲಿ ಉಪಯೋಗಕ್ಕೆ ಬಂದ ಅಪರೂಪದ ದಿನ ಅದು. ಪೇವರ್ ಇಷ್ಟು ಚದರ ಮೀಟರ್, ಗ್ರಿಲ್ ಇಷ್ಟು ಕೆಜಿ, ಪ್ರವೇಶದ್ವಾರಕ್ಕೆ ಗ್ರಾನೈಟ್, ಜಿಮ್ ಸಲಕರಣೆ ಇಷ್ಟು ಸೆಟ್. ಇವಕ್ಕೆಲ್ಲ ಸರ್ಕಾರದ ದರಪಟ್ಟಿಯಲ್ಲಿ ದರ ಇದೆ, ಟೇಪ್ ಹಿಡಿದು ಅಳೆಯಬಹುದು, ಬಿಲ್ ಮಾಡಬಹುದು. ನೆರಳಿಗೆ ಚದರ ಮೀಟರ್ ಲೆಕ್ಕದಲ್ಲಿ ದರ ಇಲ್ಲ. ಬೇಸಿಗೆಯಲ್ಲಿ ಗಿಡಕ್ಕೆ ನೀರು ಹಾಕುವ ಮಾಲಿಯ ಸಂಬಳ ನಿರ್ವಹಣೆ ಅನ್ನುವ ಬೇರೆಯೇ ಬಾಬ್ತು. ಅಲ್ಲಿ ಯಾವಾಗಲೂ ಬರ. ಹಾಗಾಗಿ ನಮ್ಮಲ್ಲಿ ಅಭಿವೃದ್ಧಿ ಅಂದ್ರೆ ಅಳೆಯೋಕೆ ಬರುವಂಥದ್ದು. ಇದರ ಹಿಂದೆ ಪರ್ಸೆಂಟೇಜ್ ಇರಬಹುದು, ಇಲ್ಲದಿರಬಹುದು. ಎಲ್ಲರೂ ಪ್ರಾಮಾಣಿಕರಾಗಿದ್ದರೂ ಈ ವ್ಯವಸ್ಥೆ ಕಲ್ಲನ್ನೇ ಹಾಸುತ್ತೆ ಅನ್ನೋದು ನನ್ನ ವಾದ.

ಕಲ್ಲು ಹಾಸಿದರೆ ಏನಾಯ್ತು ಅಂತೀರಾ? ಪೇವರ್ ಹಾಕೋ ಮುಂಚೆ ನೆಲ ಅಗೆದು, ಜಲ್ಲಿ ಹಾಕಿ, ದಮ್ಮಸ್ಸು ಮಾಡ್ತಾರೆ. ಮಣ್ಣು ಬಿಗಿಯಾಗಿ ಬೇರಿಗೆ ನೀರೂ ಗಾಳಿಯೂ ಸಿಗೋದು ಕಷ್ಟ. ಮಳೆ ನೀರು ಇಂಗದೆ ಚರಂಡಿ ಸೇರುತ್ತೆ. ಕರ್ನಾಟಕದ 1976ರ ಮರ ಸಂರಕ್ಷಣಾ ಕಾಯ್ದೆ ಪ್ರಕಾರ ಮರ ಕಡಿಯೋಕೆ ಅನುಮತಿ ಬೇಕು. ಬುಡದವರೆಗೆ ಕಲ್ಲು ಹಾಸಿ ನಿಧಾನಕ್ಕೆ ಒಣಗಿಸಿದರೆ? ಅದನ್ನು ಮರ ಕಡಿದದ್ದು ಅಂತ ಯಾರೂ ಬರೆದುಕೊಳ್ಳಲ್ಲ. ದೆಹಲಿಯಲ್ಲಿ ಇದೇ ಸಮಸ್ಯೆಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ಮರಗಳ ಸುತ್ತ ಒಂದು ಮೀಟರ್ ಕಾಂಕ್ರೀಟ್ ತೆಗೆಯಿರಿ ಅಂತ ಆದೇಶಿಸಬೇಕಾಯ್ತು.

ಹಾಗಾದ್ರೆ ಎಸ್ಟಿಮೇಟ್ ಹಂತದಲ್ಲೇ ಮಾತಾಡೋಣ ಅಂದ್ರೆ ಯಾರ ಹತ್ತಿರ? ಅದಕ್ಕಿರೋ ಜಾಗ ವಾರ್ಡ್ ಸಮಿತಿ. 74ನೇ ತಿದ್ದುಪಡಿ ಸಂವಿಧಾನದೊಳಗೇ ತಂದಿಟ್ಟ ವ್ಯವಸ್ಥೆ ಅದು. ಅದರ ಅಧ್ಯಕ್ಷತೆ ಕಾರ್ಪೊರೇಟರ್‌ಗೆ. ಆದರೆ ಬಿಬಿಎಂಪಿ ಕೌನ್ಸಿಲ್ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ. ಚುನಾವಣೆಯಿಲ್ಲದೆ ಐದು ವರ್ಷ ಕಳೆದು, 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯೇ ಹೋಗಿ ಐದು ಪಾಲಿಕೆಗಳು ಬಂದವು. ಇಷ್ಟೂ ಕಾಲ ಆ ಕುರ್ಚಿಯ ಕೆಲಸ ನೋಡಿದ್ದು ಅಧಿಕಾರಿಗಳು. ಅಧಿಕಾರಿ ಒಳ್ಳೆಯವರೇ ಇರಬಹುದು, ಆದರೆ ಮುಂದಿನ ಸಲ ನಮ್ಮ ಮನೆ ಬಾಗಿಲಿಗೆ ಓಟು ಕೇಳಿಕೊಂಡು ಬರಬೇಕಾದವರಲ್ಲ.

ನಿವಾಸಿಗಳಿಗೆ ಕೇಳುವ ಹಕ್ಕೇ ಇಲ್ಲ ಅಂತ ಯಾರಾದ್ರೂ ದಬಾಯಿಸಿದರೆ ಒಂದು ಕೇಸ್ ನೆನಪಿಡಿ. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆ ಅಂತ ಬಿಟ್ಟಿದ್ದ ಜಾಗವನ್ನು ಬಿಡಿಎ ಒಂದು ಖಾಸಗಿ ಟ್ರಸ್ಟ್‌ಗೆ ನರ್ಸಿಂಗ್ ಹೋಮ್ ಕಟ್ಟೋಕೆ ಕೊಟ್ಟಿತ್ತು. ನಿವಾಸಿಗಳು ಕೋರ್ಟಿಗೆ ಹೋದರು. ಆಸ್ಪತ್ರೆಯೂ ಜನರಿಗೇ ತಾನೇ, ಇವರಿಗೇನು ಹಕ್ಕು ಅನ್ನೋ ವಾದ ನಿಲ್ಲಲಿಲ್ಲ. ಹೈಕೋರ್ಟ್ ಮಂಜೂರಾತಿ ರದ್ದು ಮಾಡಿತು, 1991ರಲ್ಲಿ, ಬಿ.ಎಸ್. ಮುದ್ದಪ್ಪ ಪ್ರಕರಣ ಅಂತಲೇ ಹೆಸರಾದ ತೀರ್ಪಿನಲ್ಲಿ, ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಪಾರ್ಕು ಹೋದರೆ ನಷ್ಟ ಆಗೋದು ಅಕ್ಕಪಕ್ಕದವರಿಗೆ, ಹಾಗಾಗಿ ಪ್ರಶ್ನೆ ಮಾಡುವ ಹಕ್ಕೂ ಅವರಿಗಿದೆ.

ಆದರೆ ಈ ಅಕ್ಕಪಕ್ಕದವರು ಅಂದ್ರೆ ಯಾರು? ಇಲ್ಲಿ ನಮ್ಮವರ ಮೇಲೂ ನನಗೆ ತಕರಾರಿದೆ. ಕ್ಷೇಮಾಭಿವೃದ್ಧಿ ಸಂಘದ ಮೀಟಿಂಗ್ ಇಟ್ಟದ್ದು ವಾರದ ನಡುವೆ, ಬೆಳಿಗ್ಗೆ ಹನ್ನೊಂದಕ್ಕೆ. ಬಂದವರು ಸ್ವಂತ ಮನೆಯಿದ್ದ, ನಿವೃತ್ತರಾದ ಹನ್ನೆರಡು ಜನ. ಬಾಡಿಗೆಯವರಿಲ್ಲ, ವಠಾರದವರಿಲ್ಲ. ಮೊದಲ ಬೇಡಿಕೆ ಏನು ಗೊತ್ತಾ? ಹೊರಗಿನ ಹುಡುಗರನ್ನ ಒಳಗೆ ಬಿಡಬಾರದು. ನಾನು ಎದ್ದು ‘ಹಿಂದಿನ ರಸ್ತೆ ಹೊರಗೆ ಹೇಗಾಗುತ್ತೆ ಅಂಕಲ್?’ ಅಂದಾಗ ಒಬ್ಬರು ಚಹಾ ಲೋಟ ಕೆಳಗಿಟ್ಟು ನನ್ನನ್ನ ನೋಡಿದ್ರು, ಅಷ್ಟೆ. ಪಾರ್ಕುಗಳನ್ನು ಬೆಳಿಗ್ಗೆ ಐದರಿಂದ ರಾತ್ರಿ ಹತ್ತರವರೆಗೂ ತೆರೆದಿಡಬೇಕು ಅಂತ 2024ರಲ್ಲಿ ಸರ್ಕಾರ ಹೇಳಿದಾಗಲೂ ಬೇಡ ಅಂದವರಲ್ಲಿ ಇಂಥ ಹಿರಿಯರೇ ಹೆಚ್ಚು.

ಮಾಡೋಕೆ ಸಾಧ್ಯವಾದದ್ದನ್ನ ಮಾಡಿದ್ವಿ. ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ನಕ್ಷೆ ಸಮೇತ ಎಸ್ಟಿಮೇಟ್, ಅಳತೆ ಪುಸ್ತಕದ ಪ್ರತಿ ಕೇಳಿದ್ವಿ. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ಪೇವರ್ ಕಡಿಮೆ ಮಾಡಿ ಅದೇ ದುಡ್ಡಲ್ಲಿ ಹಿಂಭಾಗಕ್ಕೆ ನಾಲ್ಕು ದೀಪ ಹಾಕಿ ಅಂತ ಇನ್ನೊಂದು ಅರ್ಜಿ. ಅದಕ್ಕೆ ವಠಾರದ ಮನೆಮನೆಗೂ ಹೋಗಿ ಸಹಿ ಹಾಕಿಸಿದ್ವಿ. ಬೇಡ ಅಂತ ಮಾತ್ರ ಬರೆದರೆ ಅರ್ಜಿ ಕಡತ ಸೇರುತ್ತೆ. ಯಾವ ಐಟಂ ತೆಗೆದು ಯಾವುದು ಸೇರಿಸಬೇಕು ಅಂತ ಬರೆದುಕೊಟ್ಟರೆ ಎಂಜಿನಿಯರ್ ಕನಿಷ್ಠ ಕ್ಯಾಲ್ಕುಲೇಟರ್ ಆದರೂ ತೆಗೀತಾರೆ.

ನಮ್ಮವರು ತೆಗೆದಿದ್ದಾರೆ. ಪರಿಷ್ಕೃತ ಎಸ್ಟಿಮೇಟ್ ಮೇಲಿನವರ ಸಹಿಗೆ ಹೋಗಿದೆಯಂತೆ. ಅಷ್ಟರಲ್ಲಿ ಅರ್ಧ ಜಾಗಕ್ಕೆ ಬ್ಲಾಕ್ ಹಾಸಿಯಾಗಿತ್ತು. ಉಳಿದರ್ಧದಲ್ಲಿ ಹುಡುಗರು ಸಂಜೆ ಆಡ್ತಿದ್ದಾರೆ, ಬ್ಲಾಕ್ ಶುರುವಾಗೋ ಕಡೆಯೇ ಬೌಂಡರಿ ಅಂತ ಮಾಡಿಕೊಂಡು.