ಹೆಸರು ಹಿಡಿದು ಕರೆಯುವ ವಿದ್ಯೆ

ಕಳೆದ ಭಾನುವಾರ ಬಲಿಪೂಜೆಯ ಬಳಿಕ ಜ್ಞಾನೋಪದೇಶದ ಮಕ್ಕಳನ್ನು ದೇವಾಲಯದ ಅಂಗಳಕ್ಕೆ ಕರೆತಂದು, ಕಣ್ಣಿಗೆ ಕಾಣುವ ಹತ್ತು ಮರಗಳನ್ನು ಹೆಸರಿಸಿರೆಂದು ಕೇಳಿದೆ. ‘ಸಿಲ್ವರ್ ಓಕ್’ ಎಂದು ಎಲ್ಲರೂ ಒಟ್ಟಿಗೆ ಕೂಗಿದರು. ಆಮೇಲೆ ಹಲಸು, ಮಾವು ಬಂದವು. ಅಲ್ಲಿಗೆ ಪಟ್ಟಿ ಮುಗಿಯಿತು. ಕಾಫಿ ತೋಟದ ನೆರಳಿನಲ್ಲೇ ಬೆಳೆದ ಮಕ್ಕಳಿವರು. ಆಗ ನನಗೆ ನೆನಪಾದವರು ಯೇಸುಸಭೆಯ ಗುರುಗಳೂ ಸಸ್ಯವಿಜ್ಞಾನಿಯೂ ಆಗಿದ್ದ ಫಾದರ್ ಸೆಸಿಲ್ ಸಲ್ಡಾನಾ.

1926ರಲ್ಲಿ ಜನಿಸಿ 2002ರಲ್ಲಿ ದೈವಾಧೀನರಾದ ಅವರು ಬೆಂಗಳೂರಿನ ಸಂತ ಜೋಸೆಫರ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದರು. ರೆಂಬೆಯನ್ನು ಹೂಕಾಯಿಗಳ ಸಮೇತ ಕೊಯ್ದು, ಕಾಗದಗಳ ನಡುವೆ ಒತ್ತಿ ಒಣಗಿಸಿ, ಹಾಳೆಗೆ ಅಂಟಿಸಿ, ದೊರೆತ ಸ್ಥಳ ಮತ್ತು ದಿನಾಂಕವನ್ನು ಬರೆದಿಡುವುದು ಅವರ ಶಾಸ್ತ್ರದ ಕ್ರಮ. ಈ ತಾಳ್ಮೆಯ ಫಲವೇ ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಡ್ಯಾನ್ ನಿಕೋಲ್ಸನ್ ಅವರೊಡನೆ ಸಂಪಾದಿಸಿ 1976ರಲ್ಲಿ ಹೊರತಂದ ‘ಫ್ಲೋರಾ ಆಫ್ ಹಾಸನ್ ಡಿಸ್ಟ್ರಿಕ್ಟ್’. ನಮ್ಮ ಮೂಡಿಗೆರೆಯಲ್ಲಿ ಹುಟ್ಟುವ ಹೇಮಾವತಿ ಹರಿದುಹೋಗುವ ನೆರೆಯ ಜಿಲ್ಲೆಯ ಸಸ್ಯಗಳ ಗ್ರಂಥವದು. ‘ಫ್ಲೋರಾ ಆಫ್ ಕರ್ನಾಟಕ’ದ ಮೊದಲ ಸಂಪುಟ 1984ರಲ್ಲಿ, ಎರಡನೆಯದು 1996ರಲ್ಲಿ ಪ್ರಕಟವಾದವು.

ಹೆಸರಿಸುವುದರಲ್ಲೇ ಅವರು ತೃಪ್ತರಾಗಲಿಲ್ಲ. 1980ರ ದಶಕದಲ್ಲಿ ಕರ್ನಾಟಕದ ಪರಿಸರಸ್ಥಿತಿಯ ವರದಿಗಳನ್ನು ಸಂಪಾದಿಸಿ, ನಾಡಿನ ನೆಲಜಲಗಳ ಕಷ್ಟವನ್ನು ಜನರ ಮುಂದಿಟ್ಟರು. 1989ರಲ್ಲಿ ಅಂಡಮಾನ್, ನಿಕೋಬಾರ್ ಮತ್ತು ಲಕ್ಷದ್ವೀಪಗಳ ಪರಿಸರದ ಕುರಿತು ಗ್ರಂಥ ಬರೆದರು. ಬೆಟ್ಟದ ಗಿಡಗಳನ್ನು ಅರಸಿದವರಿಗೆ ಕಡಲ ದ್ವೀಪಗಳ ಚಿಂತೆ ಏಕೆ? ಬೆಟ್ಟಕ್ಕೂ ಕಡಲಿಗೂ ನಡುವೆ ನದಿಯಿದೆಯಲ್ಲವೇ? ಕುದುರೆಮುಖದ ಗಣಿಯ ಹೂಳು ಭದ್ರೆಗೆ ಇಳಿದುದನ್ನು ಕಳಸದ ಹಿರಿಯರು ಬಲ್ಲರು. ಆ ಗಣಿಗಾರಿಕೆ ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಅಂತ್ಯಕ್ಕೆ ನಿಂತಿತು.

ಅರಿಯದುದನ್ನು ಪ್ರೀತಿಸಲಾಗದು ಎಂಬುದು ತತ್ತ್ವಶಾಸ್ತ್ರದ ಹಳೆಯ ಮಾತು. ಆದಿಕಾಂಡದಲ್ಲಿ ದೇವರು ಜೀವಿಗಳನ್ನು ಮನುಷ್ಯನ ಬಳಿಗೆ ತಂದದ್ದು ಅವನು ಅವಕ್ಕೆ ಹೆಸರಿಡಲೆಂದು. ಹೆಸರಿಡುವುದು ಒಡೆತನದ ಮುದ್ರೆಯಲ್ಲ, ಪರಿಚಯದ ಆರಂಭ.

ತೋಟದ ಮಾಲೀಕರೊಬ್ಬರು ಇತ್ತೀಚೆಗೆ ಕೇಳಿದರು: “ಫಾದರ್, ನನ್ನ ತೋಟದ ಮರ ಕಡಿಸಿದರೆ ಪಾಪವೇ?” ಅವರ ಕಷ್ಟ ಸುಳ್ಳಲ್ಲ. ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್ ನೆಟ್ಟಗೆ, ಬೇಗನೆ ಬೆಳೆಯುತ್ತದೆ. ಮೆಣಸಿನ ಬಳ್ಳಿಗೆ ಆಸರೆಯಾಗುತ್ತದೆ. ಕಡಿಯುವಾಗ ಅನುಮತಿಯ ತೊಡಕೂ ಕಡಿಮೆ. ಕಾಫಿಯ ಬೆಲೆ ಕುಸಿದ ವರ್ಷ ಮಕ್ಕಳ ಶಾಲಾಶುಲ್ಕ ಕಟ್ಟಿದ್ದು ಅದೇ ಮರವಿರಬಹುದು. ಆದರೆ ಅತ್ತಿ, ಬಸರಿ, ಗೋಣಿ, ನೇರಳೆಗಳು ಹಕ್ಕಿಗೆ ಹಣ್ಣನ್ನೂ ನೆಲಕ್ಕೆ ತರಗೆಲೆಯನ್ನೂ ಕೊಟ್ಟು ಈ ಬೆಟ್ಟಗಳನ್ನು ಕಾದಿವೆ. ಆದುದರಿಂದ ನಾನೆಂದೆ: “ಕೊಡಲಿ ಎತ್ತುವ ಮೊದಲು ಆ ಮರದ ಹೆಸರನ್ನೂ, ಅದನ್ನು ನಂಬಿರುವ ಜೀವಿಗಳನ್ನೂ ತಿಳಿದುಕೊಳ್ಳಿ. ಬಳಿಕ ನಿಮ್ಮ ಆತ್ಮಸಾಕ್ಷಿಯನ್ನು ಕೇಳಿ.”

ನಾನೂ ಬಲ್ಲವನಲ್ಲ. ದೇವಾಲಯದ ಅಂಗಳದಲ್ಲಿರುವ ದೊಡ್ಡ ಮರ ಬಸರಿಯೆಂದು ಈ ವಾರ ನನಗೆ ತಿಳಿಸಿದವರು ತೋಟದ ಕೆಲಸಕ್ಕೆ ಹೋಗುವ ವೃದ್ಧೆಯೊಬ್ಬರು. ಅದರ ಹಣ್ಣಿಗೆ ಬರುವ ಹಕ್ಕಿಗಳನ್ನೂ ಅವರು ಬಲ್ಲರು. ಫಾದರ್ ಸಲ್ಡಾನಾರ ಗ್ರಂಥಗಳು ಇಂಗ್ಲಿಷಿನಲ್ಲಿವೆ. ಈ ಅಜ್ಜಿಯ ಗ್ರಂಥ ಅವರ ನೆನಪಿನಲ್ಲಿದೆ, ಅದನ್ನು ಯಾರೂ ಬರೆದಿಟ್ಟಿಲ್ಲ. ಮುಂದಿನ ಭಾನುವಾರ ಪ್ರತಿಯೊಂದು ಮಗುವೂ ಮನೆಯ ಹಿರಿಯರನ್ನು ಕೇಳಿ ಐದು ಮರಗಳ ಹೆಸರು ಬರೆದು ತರಬೇಕು. ಪ್ರಿಯ ಹೆತ್ತವರೇ, ಮಕ್ಕಳು ಕೇಳಿದಾಗ ಒಂದಿಷ್ಟು ಬಿಡುವು ಮಾಡಿಕೊಳ್ಳಿ.