ಸಾಲೋಟಗಿಗೆ ಬೇಡ, ಗೋಕರ್ಣಕ್ಕೆ ನಡಿ

ಮುದ್ದೇಬಿಹಾಳದಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡವನ ಕೈಯಲ್ಲಿ ಮೆಟಲ್ ಡಿಟೆಕ್ಟರ್ ಕಂಡರೆ ಜನ ಕೇಳುವುದು ಒಂದೇ ಮಾತು: ‘ನಿಧಿ ಎಲ್ಲೈತ್ರೀ?’ ಸಿಂದಗಿಯಿಂದ ಬಂದ ಅಕ್ಕನ ಮಗನದೂ ಅದೇ ರಾಗ. ‘ಮಾವಾ, ಇಂಡಿ ಕಡೆ ಸಾಲೋಟಗಿಗೆ ಹೋಗೂಣೇನ್ರಿ? ಹಳೇ ಊರು, ಏನರೆ ಸಿಗತೈತಿ.’

ಹಳೇ ಊರೆಂಬುದು ಖರೆ. ರಾಷ್ಟ್ರಕೂಟರ ಮೂರನೇ ಕೃಷ್ಣನ ಕಾಲಕ್ಕೆ, ಕ್ರಿ.ಶ. 945ರಲ್ಲೇ, ಅಲ್ಲಿ ಹೊರನಾಡಿನ ಹುಡುಗರೂ ಬಂದು ಓದುವ ವಿದ್ಯಾಕೇಂದ್ರ ಇತ್ತೆಂದು ಶಾಸನವಿದೆ. ಯಂತ್ರ ಒಯ್ಯಬಾರದ್ದೂ ಅದಕ್ಕೇ. ಮಣ್ಣಿನ ಯಾವ ಪದರದಲ್ಲಿ, ಯಾವ ಮಡಕೆಚೂರಿನ ಪಕ್ಕ ಇತ್ತೆಂಬುದು ಗೊತ್ತಾದರೆ ಮಾತ್ರ ಹಳೆ ನಾಣ್ಯ ಕತೆ ಹೇಳುತ್ತದೆ. ಕಿತ್ತು ಕಿಸೆಗೆ ಹಾಕಿಕೊಂಡರೆ ಬರೀ ತಾಮ್ರ. ಕಾನೂನೂ ಬಿಡುವುದಿಲ್ಲ. ನೆಲದಲ್ಲಿ ಹುದುಗಿದ್ದು ಹತ್ತು ರೂಪಾಯಿ ಮೀರಿದ ಬೆಲೆಯದಾದರೆ ಜಿಲ್ಲೆಯ ಅಧಿಕಾರಿಗೆ ಬರೆದು ತಿಳಿಸಬೇಕೆಂದು ಬ್ರಿಟಿಷರು 1878ರಲ್ಲೇ ಕಾಯ್ದೆ ಮಾಡಿದ್ದರು. ಕರ್ನಾಟಕಕ್ಕೆ 1962ರ ತನ್ನದೇ ನಿಧಿ ಕಾಯ್ದೆ ಇದೆ. ನಿಧಿಯಾಸೆಗೆ ಗುಡಿ ಅಗೆದು ಠಾಣೆ ಸೇರಿದವರ ಸುದ್ದಿ ಪೇಪರಿನಲ್ಲಿ ಓದುತ್ತಲೇ ಇರುತ್ತೇವೆ.

ಹಾಗಾಗಿ ಅಳಿಯನಿಗೆ ಸಮುದ್ರದ ಆಸೆ ಹಚ್ಚಿದೆ. ಪ್ರವಾಸಿಗರು ನಿನ್ನೆ ಮೊನ್ನೆ ಕಳೆದುಕೊಂಡ ಉಂಗುರ, ಚಿಲ್ಲರೆ ಹುಡುಕಿದರೆ ಇತಿಹಾಸಕ್ಕೆ ನಷ್ಟವಿಲ್ಲ. ದಾರಿಯೂ ಸಲೀಸು: ವಿಜಯಪುರ ಹಾಯ್ದು ಹೋಗುವ 52ನೇ ರಾಷ್ಟ್ರೀಯ ಹೆದ್ದಾರಿ ಹುಬ್ಬಳ್ಳಿ, ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು ಅಂಕೋಲೆಯಲ್ಲೇ ಮುಗಿಯುತ್ತದೆ. ಅಲ್ಲಿಂದ ಗೋಕರ್ಣ ಹತ್ತಿರ.

ದಿನ ಗೊತ್ತುಮಾಡಲು ಪಂಚಾಂಗ ಸಾಕು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಹೆಚ್ಚು ಹಿಂದೆ ಸರಿಯುತ್ತದೆ. ಜನ ಸೊಂಟಮಟ್ಟ ನೀರಲ್ಲಿ ನಿಂತು ಆಡಿದ ಜಾಗ ಆಗ ಬಯಲಾಗುತ್ತದೆ. ತಣ್ಣೀರಿಗೆ ಬೆರಳು ಸಣ್ಣಗಾಗಿ ಉಂಗುರ ಜಾರುವುದು ಅಲ್ಲೇ. ಎಳ್ಳ ಅಮಾಸಿಯೂ ಆಗಬಹುದಿತ್ತು, ಆದರೆ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಪುಂಡಿಪಲ್ಯ ಉಣ್ಣುವ ದಿನ ಹೊಲ ಬಿಟ್ಟು ಹೋಗುವ ಮನುಷ್ಯ ನಮ್ಮ ಕಡೆ ಸಿಗಲಿಕ್ಕಿಲ್ಲ. ಅಡ್ಡಿಯಿಲ್ಲ, ದೊಡ್ಡ ಇಳಿತ ಮುಂದೆ ಒಂದೆರಡು ದಿನವೂ ಇರುತ್ತದೆ. ಉಂಡು ರಾತ್ರಿ ಬಸ್ ಹತ್ತಿದರಾಯಿತು. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುವುದರಿಂದ ಕಾರವಾರದ ಉಬ್ಬರವಿಳಿತದ ವೇಳಾಪಟ್ಟಿ ನೋಡಿಯೇ ಹೊರಡಬೇಕು.

ಯಂತ್ರದ ಮಾತಿಗೆ ಬಂದರೆ, ದಿನಾ ತಾಮ್ರದ ತಂತಿ ಸುತ್ತುವ ನನಗೆ ಅದರ ಹೊಟ್ಟೆ ಹೊಸದಲ್ಲ. ತುದಿಯ ತಟ್ಟೆಯಲ್ಲಿರುವುದು ಕಾಯಿಲ್. ಅದು ಕ್ಷಣಕ್ಷಣಕ್ಕೂ ಬದಲಾಗುವ ಕಾಂತಕ್ಷೇತ್ರವನ್ನು ನೆಲಕ್ಕೆ ಬಿಡುತ್ತದೆ. ಕೆಳಗಿನ ಲೋಹದಲ್ಲಿ ಕರೆಂಟು ಸುಳಿಯುತ್ತದೆ. ಆ ಸುಳಿಯ ಕಾಂತವನ್ನು ಹಿಡಿದು ಯಂತ್ರ ಕೂಗುತ್ತದೆ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಮೈಯೊಳಗಿನ ಗುಂಡು ಹುಡುಕಲು ಟೆಲಿಫೋನಿನ ಗ್ರಹಾಂ ಬೆಲ್ ತಂದದ್ದೂ ಇಂಥದ್ದೇ. ಗುಂಡು ಸಿಗಲಿಲ್ಲ. ಹಾಸಿಗೆಯ ಉಕ್ಕಿನ ಸ್ಪ್ರಿಂಗು ದಾರಿ ತಪ್ಪಿಸಿತೆನ್ನುತ್ತಾರೆ.

ಕಡಲಲ್ಲಿ ದಾರಿ ತಪ್ಪಿಸುವುದು ಉಪ್ಪು. ಉಪ್ಪುನೀರು ಕುಡಿದ ಮರಳಿನಲ್ಲಿ ಕರೆಂಟು ಹರಿಯುವುದರಿಂದ ಅಗ್ಗದ ಯಂತ್ರ ಸುಮ್ಮಸುಮ್ಮನೆ ಚೀರುತ್ತದೆ. ಹಲವು ಫ್ರೀಕ್ವೆನ್ಸಿಗಳಲ್ಲಿ ನಡೆಯುವಂಥದ್ದು ಬೇಕು. ಇಲ್ಲವೇ ಮೇಲಿನ ಒಣಮರಳಿನಲ್ಲೇ ತಿರುಗಬೇಕು. ಇನ್ನೊಂದು ಸೂಕ್ಷ್ಮವಿದೆ. ತೆಳ್ಳನೆಯ ಬಂಗಾರದುಂಗುರ ಕೊಡುವ ಸದ್ದು ಗುಳಿಗಿ ಪಟ್ಟಿಯ ತಗಡಿನ ಸದ್ದಿಗೆ ಬಲು ಹತ್ತಿರ. ಕಸ ಬೇಡವೆಂದು ಆ ಸದ್ದನ್ನೇ ಬಂದ್ ಮಾಡಿದರೆ ಬಂಗಾರವೂ ಹೋಯಿತು. ತಗಡು ಹೆಕ್ಕುವ ತಾಳ್ಮೆ ಇಲ್ಲದವರು ಈ ಹವ್ಯಾಸಕ್ಕೆ ಬರಬಾರದು ಎಂದೇ ನನ್ನ ಮತ. ಸದ್ಯ ಹಿತ್ತಲಲ್ಲಿ ನಮ್ಮದೇ ನಾಣ್ಯ ಹೂತು ಅಳಿಯನಿಗೆ ಕಿವಿ ಪಳಗಿಸುತ್ತಿದ್ದೇನೆ. ಕಬ್ಬಿಣದಂಶದ ಎರಿ ಮಣ್ಣು ಅವನನ್ನು ಚೆನ್ನಾಗಿಯೇ ಸತಾಯಿಸುತ್ತಿದೆ.

ಗಂಟಿನಲ್ಲಿ ಸಣ್ಣ ಸಲಿಕೆ, ಜಾಲರಿ, ಹೆಡ್‌ಫೋನ್, ಕಸಕ್ಕೊಂದು ಚೀಲ. ಬೀಚಿಗೆ ಇಳಿಯುವ ಮೊದಲು ಪೊಲೀಸ್ ಠಾಣೆಯಲ್ಲಿ ಕೇಳಿಕೊಳ್ಳುವುದು ಒಳ್ಳೆಯದು. ಯಂತ್ರ ಹಿಡಿದವನನ್ನು ಕಂಡರೆ ಅನುಮಾನ ಸಹಜ. ಚಳಿಗಾಲದಲ್ಲಿ ಉತ್ತರ ಕನ್ನಡದ ದಂಡೆಗೆ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡಲು ಬರುತ್ತವೆ, ಗೂಡಿಗೆ ಬೇಲಿ ಹಾಕಿದ್ದರೆ ಆ ಕಡೆ ಸುಳಿಯಬಾರದು. ತೋಡಿದ ಕುಣಿ ಮುಚ್ಚಬೇಕು. ಸಮೀಪದ ಮಿರ್ಜಾನ್ ಕೋಟೆ ನೋಡುವ ಆಸೆಯಾದರೆ ಯಂತ್ರ ರೂಮಿನಲ್ಲೇ ಇರಲಿ.

ಉಂಗುರ ಸಿಕ್ಕರೆ? ಅದು ಯಾರದೋ ಬೆರಳಿನದು. ಒಡೆಯನನ್ನು ಹುಡುಕುವ ಪ್ರಯತ್ನವನ್ನೇ ಮಾಡದೆ ಇಟ್ಟುಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಮಿನಡಿ ಅಪರಾಧ. ಠಾಣೆಗೆ ಕೊಟ್ಟು ಸ್ವೀಕೃತಿ ಬರೆಸಿಕೊಳ್ಳಬೇಕು. ‘ಹಂಗಾದ್ರ ನಮಗೇನು ಉಳೀತು, ಮಾವಾ?’ ಎಂದ ಅಳಿಯ. ಬಸ್ ಚಾರ್ಜೂ ಹುಟ್ಟುವುದಿಲ್ಲ ಅಂತ ಮೊದಲೇ ಹೇಳಿಟ್ಟಿದ್ದೇನೆ.