ಟ್ಯುನಿಸಿಯಾದ ಪಾಠ

ಪ್ರಭುವನ್ನು ಓಡಿಸುವುದಕ್ಕಿಂತ ಅವನ ಪೀಠದಲ್ಲಿ ಶಾಸನವನ್ನು ಪ್ರತಿಷ್ಠಾಪಿಸುವುದು ಕಷ್ಟತರವಾದುದು. 2010ನೆಯ ಡಿಸೆಂಬರಿನಲ್ಲಿ ಸಿದಿ ಬೂಜಿದ್ ಪಟ್ಟಣದ ಹಣ್ಣು ಮಾರುವ ಯುವಕನೊಬ್ಬನು, ಅಧಿಕಾರಿಗಳು ತಕ್ಕಡಿ ಕಸಿದುಕೊಂಡರೆಂಬ ಸಂಕಟದಿಂದ ಮೈಗೆ ಬೆಂಕಿಯಿಟ್ಟುಕೊಂಡನು. ತಿಂಗಳು ತುಂಬುವ ಮೊದಲೇ, 23 ವರ್ಷ ಆಳಿದ್ದ ಬೆನ್ ಅಲಿಯವರು ದೇಶಬಿಟ್ಟು ಪಲಾಯನಗೈದರು. 2014ರಲ್ಲಿ ಪ್ರಜಾಪ್ರತಿನಿಧಿಗಳು ರಚಿಸಿದ ರಾಜ್ಯಾಂಗವನ್ನು ಲೋಕವೇ ಕೊಂಡಾಡಿತು. ಆದರೆ ಅದು ವಿಧಿಸಿದ್ದ ರಾಜ್ಯಾಂಗ ನ್ಯಾಯಾಲಯವು ಪಕ್ಷಗಳ ಕಲಹದಿಂದ ಸ್ಥಾಪಿತವಾಗಲೇ ಇಲ್ಲ, ನಿರುದ್ಯೋಗವೂ ನೀಗಲಿಲ್ಲ. 2021ನೆಯ ಜುಲೈ 25ರಂದು ಅಧ್ಯಕ್ಷ ಕೈಸ್ ಸಯೀದರು ಶಾಸನಸಭೆಯನ್ನು ಸ್ತಬ್ಧಗೊಳಿಸಿದಾಗ ಬೇಸತ್ತಿದ್ದ ಜನರಲ್ಲಿ ಅನೇಕರು ಹರ್ಷಿಸಿದರು. ತಡೆಯಬಲ್ಲ ನ್ಯಾಯಪೀಠವಂತೂ ಇರಲಿಲ್ಲ. ಮರುವರ್ಷ ಬಂದ ಹೊಸ ರಾಜ್ಯಾಂಗದಿಂದ ಅಧಿಕಾರದ ಬಹುಭಾಗವು ಒಬ್ಬರ ಕೈಸೇರಿತು. ಅರಬ್ಬರಿಗೆ ಪ್ರಜಾಪ್ರಭುತ್ವವು ಒಗ್ಗದೆಂಬ ಮಾತು ಸಲ್ಲದು. ಬಾಗಿಲಿಡದ ಮನೆಯಲ್ಲಿ ಧನವಿಟ್ಟು, ಕಳ್ಳನನ್ನು ಮಾತ್ರ ದೂರಿದರೆ ಫಲವೇನು?